ವಚನಕ್ಕೆ ಮೊದಲು ಅಧ್ಯಾಯ: ಬೈಬಲ್ ಓದಲು ಕೂರುವ ಹೊಸಬರಿಗೆ

ಹೊಸ ವರ್ಷದ ಹಿಂದಿನ ರಾತ್ರಿ ಆರಾಧನೆ ಮುಗಿದ ಮೇಲೆ ವಾಗ್ದಾನ ಕಾರ್ಡು ತೆಗೆಯುವ ರೂಢಿ ನಮ್ಮ ಅನೇಕ ಸಭೆಗಳಲ್ಲಿದೆ. ತಟ್ಟೆಯಲ್ಲಿ ಮಗುಚಿಟ್ಟ ಪುಟ್ಟ ಕಾರ್ಡುಗಳು, ಒಂದೊಂದರಲ್ಲಿ ಒಂದೊಂದು ವಚನ. ಕೈಗೆ ಬಂದದ್ದು ಆ ವರ್ಷಕ್ಕೆ ನಿಮ್ಮದು. ಚಂದದ ರೂಢಿಯೇ, ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಆದರೆ ವರ್ಷವಿಡೀ ಬೈಬಲ್ ಓದುವುದೂ ಹಾಗೆಯೇ ಆಗಿಬಿಡುತ್ತದೆ. ಅಲ್ಲೊಂದು ವಚನ, ಇಲ್ಲೊಂದು ವಚನ, ಬೆಳಗಾದರೆ ವಾಟ್ಸಾಪಿನಲ್ಲಿ ಗುಲಾಬಿ ಹೂವಿನ ಚಿತ್ರದ ಮೇಲೆ ಮತ್ತೊಂದು. ಹುಟ್ಟಿದಾಗಿನಿಂದ ಸಭೆಗೆ ಹೋಗುತ್ತಿದ್ದರೂ ಒಂದು ಸುವಾರ್ತೆಯನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆಯೂ ಓದದವರು ಎಷ್ಟೋ ಮಂದಿ ಇದ್ದಾರೆ.

ಈ ಬರಹ ಅಂಥವರಿಗೆ, ಈಗಷ್ಟೇ ಬೈಬಲ್ ಕೈಗೆತ್ತಿಕೊಂಡವರಿಗೂ. ಹೀಬ್ರೂ, ಗ್ರೀಕ್ ಬರಬೇಕಿಲ್ಲ. ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್, ದಿನಕ್ಕೆ ಅರ್ಧ ಗಂಟೆ ಇದ್ದರೆ ಶುರುಮಾಡಬಹುದು.

ಹಂತ 1: ಕೈಯಲ್ಲಿರುವ ಪುಸ್ತಕವನ್ನು ಮೊದಲು ತಿರುವಿ ನೋಡಿ

ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರು ಇಡೀ ಬೈಬಲನ್ನು ಕನ್ನಡಕ್ಕೆ ತಂದು ಮುಗಿಸಿದ್ದು 1831ರಲ್ಲಿ. ಅಲ್ಲಿಂದೀಚೆಗೆ ಅನುವಾದವನ್ನು ತಿದ್ದಿದ್ದಾರೆ, ಹೊಸದಾಗಿಯೂ ಮಾಡಿದ್ದಾರೆ. ಮನೆಯಲ್ಲಿ ಅಜ್ಜಿ ಓದುತ್ತಿದ್ದ ಹಳೆಯ ಪ್ರತಿ ಇದ್ದರೆ ಅದನ್ನು ಇಟ್ಟುಕೊಳ್ಳಿ, ಜೊತೆಗೆ ಈಗಿನ ಕನ್ನಡದ್ದೊಂದನ್ನು ತಂದುಕೊಳ್ಳಿ. ಒಂದರಲ್ಲಿ ಅರ್ಥವಾಗದ ವಾಕ್ಯ ಇನ್ನೊಂದರಲ್ಲಿ ಸಲೀಸಾಗುತ್ತದೆ. ಪ್ರಾಟೆಸ್ಟೆಂಟರ ಬೈಬಲಿನಲ್ಲಿ 66 ಪುಸ್ತಕಗಳು, ಕಥೋಲಿಕರ ಬೈಬಲಿನಲ್ಲಿ 73. ಹೆಚ್ಚುವರಿ ಪುಸ್ತಕಗಳೆಲ್ಲ ಹಳೆ ಒಡಂಬಡಿಕೆಯಲ್ಲಿವೆ. ಮಕ್ಕಬಿಯರ ಎರಡು ಪುಸ್ತಕಗಳು ಆ ಪೈಕಿ. ಹೊಸ ಒಡಂಬಡಿಕೆಯ 27 ಎರಡರಲ್ಲೂ ಒಂದೇ. ಯಾವುದನ್ನು ಓದಿದರೂ ಮುಂದಿನ ಹಂತಗಳು ಬದಲಾಗುವುದಿಲ್ಲ.

ಇಲ್ಲಿ ತಿಳಿದಿರಲೇಬೇಕಾದ ಸಂಗತಿ ಒಂದಿದೆ. ಅಧ್ಯಾಯ, ವಚನಗಳ ಅಂಕಿಗಳನ್ನು ಯೆಶಾಯನೂ ಹಾಕಲಿಲ್ಲ, ಪೌಲನೂ ಹಾಕಲಿಲ್ಲ. ಈಗಿನ ಅಧ್ಯಾಯ ವಿಭಾಗ 13ನೇ ಶತಮಾನದ ಆರಂಭದ್ದು. ಮುಂದೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರಾದ ಸ್ಟೀಫನ್ ಲ್ಯಾಂಗ್ಟನ್ ಅವರ ಹೆಸರಿನಲ್ಲಿದೆ. ಹೊಸ ಒಡಂಬಡಿಕೆಗೆ ಈಗಿನ ವಚನ ಸಂಖ್ಯೆ ಹಾಕಿದವರು ರಾಬೆರ್ ಎಸ್ತಿಯೆನ್ ಎಂಬ ಮುದ್ರಕರು, 1551ರಲ್ಲಿ. ಮೊದಲ ಅಧ್ಯಾಯದಲ್ಲೇ ಇದರ ಎಡವಟ್ಟು ಕಾಣುತ್ತದೆ: ಸೃಷ್ಟಿಯ ಆರು ದಿನ ಆದಿಕಾಂಡ 1ರಲ್ಲಿದ್ದರೆ ಏಳನೆಯ ದಿನ ಪಕ್ಕದ ಅಧ್ಯಾಯಕ್ಕೆ ಜಾರಿದೆ. ದಪ್ಪಕ್ಷರದ ಉಪಶೀರ್ಷಿಕೆಗಳೂ ಪ್ರಕಾಶಕರವೇ. ಅಂಕಿಗಳು ಜಾಗ ಹುಡುಕಲು ಬೇಕು, ಓದು ಎಲ್ಲಿ ನಿಲ್ಲಬೇಕೆಂದು ಹೇಳುವುದು ಅವುಗಳ ಕೆಲಸವಲ್ಲ.

ಹಂತ 2: ಮಾರ್ಕನಿಂದ ಶುರುಮಾಡಿ, ಒಂದೇ ಸಲಕ್ಕೆ

ಜನವರಿ 1ಕ್ಕೆ ಆದಿಕಾಂಡದಿಂದ ಹೊರಟವರು ಫೆಬ್ರವರಿ ಹೊತ್ತಿಗೆ ಯಾಜಕಕಾಂಡದ ಬಲಿಗಳ ವಿವರದಲ್ಲಿ ಸಿಕ್ಕಿಕೊಂಡು ಬೈಬಲ್ ಮುಚ್ಚಿಡುವುದು ಪ್ರತಿ ವರ್ಷದ ಕಥೆ. ಹಾಗೆ ಮಾಡಬೇಡಿ. ಮಾರ್ಕನ ಸುವಾರ್ತೆ 16 ಅಧ್ಯಾಯ, ನಾಲ್ಕರಲ್ಲಿ ಅತಿ ಚಿಕ್ಕದು. ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಕೂತರೆ ಎರಡು ಗಂಟೆಯೊಳಗೆ ಮುಗಿಯುತ್ತದೆ. ಸಾಧ್ಯವಾದರೆ ಗಟ್ಟಿಯಾಗಿ ಓದಿ. ಹಳೆಯ ಕಾಲದಲ್ಲಿ ಬಹುಪಾಲು ಜನ ಇದನ್ನು ಕಿವಿಯಿಂದಲೇ ಕೇಳಿದ್ದು.

ಒಂದೇ ಸಲಕ್ಕೆ ಓದಿದರೆ ಬಿಡಿಬಿಡಿಯಾಗಿ ಓದಿದಾಗ ಕಾಣದ್ದು ಕಾಣುತ್ತದೆ. ಮೊದಲರ್ಧ ಪೂರ್ತಿ ಜನ ಕೇಳುವುದು ಒಂದೇ ಪ್ರಶ್ನೆ: ಈತ ಯಾರು? ಎಂಟನೆಯ ಅಧ್ಯಾಯದಲ್ಲಿ ಪೇತ್ರನು ಉತ್ತರ ಹೇಳುತ್ತಾನೆ, ಹೇಳಿದ ಬೆನ್ನಿಗೇ ಗದರಿಸಿಕೊಳ್ಳುತ್ತಾನೆ. ಅಲ್ಲಿಂದ ಕಥೆ ಶಿಲುಬೆಯ ಕಡೆಗೆ ತಿರುಗುತ್ತದೆ. ಕೊನೆಯ ಆರು ಅಧ್ಯಾಯಗಳಲ್ಲಿ ನಡೆಯುವುದು ಯೆರೂಸಲೇಮಿನ ಒಂದೇ ವಾರದ ಘಟನೆಗಳು. ಪುಸ್ತಕದ ಮೂರನೇ ಒಂದು ಪಾಲಿಗಿಂತ ಹೆಚ್ಚನ್ನು ಒಂದು ವಾರಕ್ಕೆ ಕೊಟ್ಟ ಬರಹಗಾರನ ಮನಸ್ಸು ಎಲ್ಲಿತ್ತೆಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಕೊನೆಗೆ 16:8ರ ನಂತರ ಕಂಸವನ್ನೋ ಅಡಿಟಿಪ್ಪಣಿಯನ್ನೋ ಕಂಡರೆ ಗಾಬರಿ ಬೇಡ. ಅತಿ ಹಳೆಯ ಹಸ್ತಪ್ರತಿಗಳಲ್ಲಿ ಮುಂದಿನ ವಚನಗಳಿಲ್ಲ. ಪ್ರಕಾಶಕರು ಅದನ್ನು ಮುಚ್ಚಿಡದೆ ಹೇಳಿದ್ದಾರೆ ಅಷ್ಟೇ.

ಹಂತ 3: ಓದುತ್ತಿರುವುದು ಯಾವ ಬಗೆಯ ಬರಹ ಎಂದು ಕೇಳಿಕೊಳ್ಳಿ

ಬೈಬಲ್ ಒಂದು ಪುಸ್ತಕವಲ್ಲ, ಒಂದು ಕಪಾಟು. ಅದರಲ್ಲಿ ಕಾನೂನಿದೆ, ಅರಸರ ವೃತ್ತಾಂತವಿದೆ, ಹಾಡು, ಗೋಳು, ಗಾದೆ, ಕಾಗದ, ದರ್ಶನ ಎಲ್ಲವೂ ಇವೆ. ಗಾದೆಯನ್ನು ಕಾನೂನಿನಂತೆ ಓದಿದರೆ, ಹಾಡನ್ನು ವರದಿಯಂತೆ ಓದಿದರೆ ತಪ್ಪುವುದು ಖಂಡಿತ.

ಜ್ಞಾನೋಕ್ತಿಗಳು 26ರಲ್ಲಿ ನಾಲ್ಕನೆಯ ವಚನವನ್ನೂ ಐದನೆಯದನ್ನೂ ಒಟ್ಟಿಗೆ ಓದಿ. ಮೂಢನ ಮಾತಿಗೆ ಅವನ ಧಾಟಿಯಲ್ಲೇ ಉತ್ತರ ಕೊಡಬೇಡ ಎನ್ನುತ್ತದೆ ಒಂದು, ಕೊಡು ಎನ್ನುತ್ತದೆ ಅದರ ಕೆಳಗಿನದು. ಬೈಬಲಿನಲ್ಲಿ ವಿರೋಧಾಭಾಸ ಹುಡುಕುವವರು ಇದನ್ನು ಹಿಡಿದು ಕುಣಿಯುತ್ತಾರೆ. ಕನ್ನಡದವರಿಗೆ ಇದರಲ್ಲಿ ಬೆರಗೇನೂ ಇರಬಾರದು. ತಾಳಿದವನು ಬಾಳಿಯಾನು ಎಂದ ಬಾಯಲ್ಲೇ ಆಲಸ್ಯಂ ಅಮೃತಂ ವಿಷಂ ಎನ್ನುವವರು ನಾವು. ಎರಡೂ ನಿಜ, ಯಾವುದನ್ನು ಯಾವಾಗ ಹೇಳಬೇಕೆಂಬುದರಲ್ಲಿ ಬುದ್ಧಿ ಇದೆ. ಆ ಎರಡು ವಚನಗಳನ್ನು ಅಕ್ಕಪಕ್ಕದಲ್ಲಿ ಬೇಕೆಂದೇ ಇಟ್ಟವರಿಗೆ ಇದು ಗೊತ್ತಿತ್ತು.

ಪ್ರಕಟನೆ ಪುಸ್ತಕವನ್ನು ಮಾತ್ರ ಹೊಸಬರು ಸದ್ಯಕ್ಕೆ ಬದಿಗಿಡುವುದು ಮೇಲು. ದಾನಿಯೇಲ, ಯೆಹೆಜ್ಕೇಲರ ಪರಿಚಯವಿಲ್ಲದೆ ಅಲ್ಲಿಯ ಮೃಗಗಳನ್ನು ನೇರವಾಗಿ ಟಿವಿ ಸುದ್ದಿಗೆ ಗಂಟುಹಾಕುವ ಚಪಲ ಎಲ್ಲರಿಗೂ ಬರುತ್ತದೆ.

ಹಂತ 4: ವಚನದ ಹಿಂದೆ ಮುಂದೆ ಓದಿ

ನನ್ನ ಮಟ್ಟಿಗೆ ಇದೇ ಮುಖ್ಯ ಹಂತ, ಬೇರೆಯವು ಇದರ ಸುತ್ತ. ವಾಗ್ದಾನ ಕಾರ್ಡುಗಳಲ್ಲಿ ತಪ್ಪದೆ ಇರುವ ಯೆರೆಮೀಯ 29:11ನ್ನೇ ತೆಗೆದುಕೊಳ್ಳೋಣ. ದೇವರಿಗೆ ನಿಮ್ಮ ವಿಷಯದಲ್ಲಿರುವ ಯೋಚನೆ ಕೇಡಿನದಲ್ಲ, ಹಿತದ್ದು; ಮುಂದೆ ನಿರೀಕ್ಷೆ ಇದೆ ಎಂಬ ಅರ್ಥದ ಮಾತು. ಸಿಇಟಿ ಬರೆಯುವ ಮಗಳಿಗೂ ವೀಸಾಕ್ಕೆ ಕಾಯುವ ಮಗನಿಗೂ ಇದನ್ನೇ ಕಳಿಸುತ್ತೇವೆ.

ಈಗ ಅಧ್ಯಾಯದ ಮೊದಲಿಗೆ ಹೋಗಿ. ಅದೊಂದು ಕಾಗದ. ಕ್ರಿಸ್ತಪೂರ್ವ 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿನ ಅರಸನನ್ನು, ಅರಮನೆಯವರನ್ನು, ಬಡಗಿ ಕಮ್ಮಾರರನ್ನು ಸೆರೆಹಿಡಿದು ಕೊಂಡೊಯ್ದಿದ್ದ. ಊರಿನಲ್ಲೇ ಉಳಿದ ಯೆರೆಮೀಯ, ಅಲ್ಲಿಗೆ ಹೋದವರಿಗೆ ಬರೆದದ್ದು ಇದು. ಇನ್ನೂ ಒಂದು ಅಧ್ಯಾಯ ಹಿಂದಕ್ಕೆ ಹೋಗಿ. 28ರಲ್ಲಿ ಹನನ್ಯನೆಂಬ ಇನ್ನೊಬ್ಬ ಪ್ರವಾದಿ ದೇವಾಲಯದಲ್ಲಿ ಎಲ್ಲರ ಮುಂದೆ ಬಾಬೆಲಿಗೆ ತಲೆಬಾಗಬೇಕೆಂಬುದರ ಗುರುತಾಗಿ ಯೆರೆಮೀಯ ಹೆಗಲಿಗೇರಿಸಿಕೊಂಡಿದ್ದ ನೊಗವನ್ನು ಕಿತ್ತು ಮುರಿಯುತ್ತಾನೆ. ಎರಡು ವರ್ಷದೊಳಗೆ ಎಲ್ಲರೂ ವಾಪಸು ಬರುತ್ತಾರೆಂದು ಘೋಷಿಸುತ್ತಾನೆ. ಆ ಸಭೆಯಲ್ಲಿ ಯಾರಿಗೆ ಹೆಚ್ಚು ಚಪ್ಪಾಳೆ ಬಿದ್ದಿರಬೇಕೆಂದು ಊಹಿಸುವುದು ಕಷ್ಟವಲ್ಲ.

ಈ ಹಿನ್ನೆಲೆಯಲ್ಲಿ ಕಾಗದ ಓದಿ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನು ಸೆರೆ ಒಯ್ದ ಆ ಊರಿನ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ ಎನ್ನುತ್ತಾನೆ ಯೆರೆಮೀಯ. ತೋಟ ಮಾಡಿ ಎಂದರೆ ಬೇಗ ಹೊರಡುವುದಿಲ್ಲ ಎಂದೇ ಅರ್ಥ. ಹತ್ತನೆಯ ವಚನದಲ್ಲಿ ಅವಧಿಯೂ ಇದೆ: 70 ವರ್ಷ. ಅದಾದ ಮೇಲೆಯೇ ಹನ್ನೊಂದನೆಯ ವಚನ ಬರುವುದು. ಕಾಗದವನ್ನು ಕೇಳಿಸಿಕೊಂಡ ದೊಡ್ಡವರಲ್ಲಿ ಬಹುಪಾಲು ಜನ ವಾಪಸಾಗುವ ದಿನ ನೋಡಲು ಬದುಕಿರುವುದಿಲ್ಲ.

ಹಾಗಾದರೆ ಈ ವಚನ ನಮಗೆ ಸೇರಿದ್ದಲ್ಲವೇ? ಸೇರಿದ್ದೇ. ಆದರೆ ಅದು ಬಾಬೆಲಿನಲ್ಲಿ ಸೆರೆಯಲ್ಲಿದ್ದವರ ಮೂಲಕ ನಮ್ಮ ಬಳಿಗೆ ಬರಬೇಕು. ನಾನು ಬಯಸಿದ್ದು ಈ ವರ್ಷ ಸಿಕ್ಕೇ ಸಿಗುತ್ತದೆ ಎಂಬ ಮಾತು ಇದಲ್ಲ. ಹಾಗೆ ಹೇಳಿದವನು ಹನನ್ಯ. ಬೇಡದ ಊರಿನಲ್ಲಿ, ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಕಾಲ ಇರಬೇಕಾಗಿ ಬಂದವರಿಗೆ, ಅಲ್ಲಿಯೂ ದೇವರು ಕೈಬಿಟ್ಟಿಲ್ಲ, ಬದುಕನ್ನು ಮುಂದೂಡಬೇಡಿ ಎಂದು ಹೇಳುವ ಮಾತು. ದುಬೈನಲ್ಲೋ ಬೆಂಗಳೂರಿನ ಪಿಜಿಯಲ್ಲೋ ಇರುವ ಮಗನಿಗೆ ಕಳಿಸುವಾಗ ಏಳನೆಯ ವಚನವನ್ನೂ ಸೇರಿಸಿ ಕಳಿಸಿ. ಇನ್ನೂ ಹೆಚ್ಚು ಉಪಯೋಗಕ್ಕೆ ಬಂದೀತು.

ವಿಧಾನ ಇಷ್ಟೇ: ಯಾವ ವಚನ ಮನಸ್ಸಿಗೆ ತಾಗಿದರೂ ಆ ಅಧ್ಯಾಯವನ್ನು ಪೂರ್ತಿ ಓದಿ, ಹಿಂದಿನದನ್ನು ಓದಿ, ಮುಂದಿನದನ್ನು ಓದಿ. ಯಾರು ಯಾರಿಗೆ ಹೇಳಿದ್ದು, ಆಗ ಅವರಿಗೆ ಏನಾಗಿತ್ತು ಎಂದು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಿರಿ. ನನಗೇನು ಎಂಬುದು ಅದರ ನಂತರ.

ಹಂತ 5: ಇರುವುದನ್ನು ನೋಡಿ, ಕೇಳಿದ್ದನ್ನು ಸ್ವಲ್ಪ ಮರೆಯಿರಿ

ಚಿಕ್ಕಂದಿನಿಂದ ಕೇಳಿದ ಕಥೆಗಳೇ ಓದಲು ಕಷ್ಟ. ಕಣ್ಣು ಪುಟದ ಮೇಲಿದ್ದರೂ ಕಿವಿಯಲ್ಲಿ ಸಂಡೇ ಸ್ಕೂಲ್ ಟೀಚರ್ ದನಿ. ಲೂಕ 10ರ ಒಳ್ಳೆಯ ಸಮಾರ್ಯದವನ ಕಥೆ ತೆಗೆಯಿರಿ. ಗಾಯಗೊಂಡವನನ್ನು ಬಿಟ್ಟುಹೋದ ಯಾಜಕ ದೇವಾಲಯದ ಸೇವೆಗೆ ಹೊತ್ತಾಯಿತೆಂದು, ಮೈಲಿಗೆಯಾದೀತೆಂದು ಓಡಿದ ಎಂದು ಪ್ರಸಂಗಗಳಲ್ಲಿ ಕೇಳಿರುತ್ತೀರಿ. ಪುಟ ನೋಡಿ. ಅವನೂ ಆ ದಾರಿಯಲ್ಲಿ ಇಳಿದು ಹೋಗುತ್ತಿದ್ದ ಎಂದಿದೆ. ಯೆರೂಸಲೇಮ್ ಬೆಟ್ಟದ ಮೇಲೆ. ಯೆರಿಕೋ ಸುಮಾರು ಸಾವಿರ ಮೀಟರ್ ಕೆಳಗೆ, ಸಮುದ್ರಮಟ್ಟಕ್ಕಿಂತಲೂ ತಗ್ಗಿನಲ್ಲಿದೆ. ಇಳಿಯುತ್ತಿದ್ದ ಎಂದರೆ ದೇವಾಲಯಕ್ಕೆ ಬೆನ್ನುಹಾಕಿ ಹೊರಟಿದ್ದ. ಸೇವೆಯ ಅವಸರದ ನೆಪವನ್ನು ಕಥೆ ಅವನಿಗೆ ಕೊಟ್ಟಿಲ್ಲ, ನಾವು ಕೊಟ್ಟದ್ದು.

ಇನ್ನೊಂದು ನೋಡಿ. ಒಂದು ಅಧ್ಯಾಯ ಹಿಂದೆ, ಲೂಕ 9ರಲ್ಲಿ, ಸಮಾರ್ಯದ ಒಂದು ಹಳ್ಳಿಯವರು ಯೇಸುವನ್ನು ಊರೊಳಗೆ ಸೇರಿಸುವುದಿಲ್ಲ. ಯಾಕೋಬ ಯೋಹಾನರಿಗೆ ಆ ಹಳ್ಳಿಯ ಮೇಲೆ ಆಕಾಶದಿಂದ ಬೆಂಕಿ ಸುರಿಸುವಷ್ಟು ಸಿಟ್ಟು. ಆ ಶಿಷ್ಯರು ಪಕ್ಕದಲ್ಲಿರುವಾಗಲೇ ಯೇಸು ಸಮಾರ್ಯದವನನ್ನು ಕಥೆಯ ನಾಯಕ ಮಾಡುತ್ತಾನೆ. ಕೊನೆಯಲ್ಲಿ ನೆರೆಯವನಾದವನು ಯಾರು ಎಂದು ಕೇಳಿದಾಗ, ನನ್ನ ನೆರೆಯವನು ಯಾರು ಎಂದು ಮೊದಲು ಪ್ರಶ್ನೆ ಎತ್ತಿದ್ದ ಧರ್ಮೋಪದೇಶಕನ ಬಾಯಲ್ಲಿ ಸಮಾರ್ಯದವನು ಎಂಬ ಹೆಸರೇ ಬರುವುದಿಲ್ಲ. ದಯೆ ತೋರಿಸಿದವನು ಎಂದು ಸುತ್ತಿ ಹೇಳುತ್ತಾನೆ. ಜಾತಿಯ ಹೆಸರು ಬಾಯಿಗೆ ಬಾರದೆ ಬಳಸಿ ಮಾತಾಡುವುದನ್ನು ಕಂಡ ನಮಗೆ ಆ ಮುಜುಗರ ಚೆನ್ನಾಗಿ ಗೊತ್ತು.

ಇದಕ್ಕೆಲ್ಲ ಬೇಕಾದದ್ದು ಪೆನ್ಸಿಲ್ ಮಾತ್ರ. ಯಾರು, ಎಲ್ಲಿ, ಯಾವ ದಿಕ್ಕಿಗೆ, ಯಾರು ಮಾತಾಡಿದರು, ಯಾರು ಸುಮ್ಮನಿದ್ದರು ಎಂದು ಗೆರೆ ಎಳೆಯುತ್ತ ಹೋಗಿ. ಬೈಬಲಿನ ಕೊನೆಯ ಹಾಳೆಗಳಲ್ಲಿ ನಕ್ಷೆ ಇದ್ದರೆ ಊರು ಹುಡುಕಿ.

ಇದೇ ಕಥೆಯನ್ನು ಐದನೆಯ ಶತಮಾನದ ಸಂತ ಅಗಸ್ಟೀನ್ ಬೇರೆ ರೀತಿ ಓದಿದರು. ಗಾಯಗೊಂಡವನು ಆದಾಮ, ಸಮಾರ್ಯದವನು ಕ್ರಿಸ್ತ, ಛತ್ರ ಎಂದರೆ ಸಭೆ, ಛತ್ರದವನು ಪೌಲ! ಎಲ್ಲ ವಿವರಕ್ಕೂ ಒಂದು ಗುಪ್ತಾರ್ಥ. ಓದಲು ಸೊಗಸು, ಭಕ್ತಿಯೂ ಇದೆ. ಆದರೆ ನೆರೆಯವನು ಯಾರೆಂಬ ಪ್ರಶ್ನೆ ಅಲ್ಲಿ ಹಿಂದೆ ಸರಿದುಬಿಡುತ್ತದೆ. ಹೊಸಬರು ಈ ದಾರಿಗೆ ಮೊದಲೇ ಇಳಿಯದಿರುವುದು ಒಳ್ಳೆಯದು.

ಹಂತ 6: ಮುಜುಗರದ ಭಾಗಗಳನ್ನು ಹಾರಿಸಬೇಡಿ

ಬಾಬೆಲಿನಿಂದ ಇನ್ನೊಂದು ದನಿಯೂ ಬಂದಿದೆ: 137ನೆಯ ಕೀರ್ತನೆ. ನದಿಗಳ ದಡದಲ್ಲಿ ಕೂತು ಅಳುವವರು, ನಿಮ್ಮೂರ ಹಾಡು ಹಾಡಿ ಎಂದು ಗೇಲಿ ಮಾಡುವ ಸೆರೆಗಾರರು, ಮರಕ್ಕೆ ತೂಗುಹಾಕಿದ ಕಿನ್ನರಿಗಳು. ಇಲ್ಲಿಯವರೆಗೆ ಎಲ್ಲರಿಗೂ ಇಷ್ಟ. ಕೊನೆಯ ಸಾಲಿನಲ್ಲಿ ಮಾತ್ರ, ಬಾಬೆಲಿನ ಕೂಸುಗಳನ್ನು ಬಂಡೆಗೆ ಅಪ್ಪಳಿಸುವವನು ಧನ್ಯ ಎಂಬ ಅರ್ಥದ ಮಾತು ಬರುತ್ತದೆ. ಕಥೋಲಿಕ ಗುರುಗಳೂ ಸನ್ಯಾಸಿನಿಯರೂ ದಿನವೂ ಬಳಸುವ ಪ್ರಾರ್ಥನಾ ಪುಸ್ತಕದ ಈಗಿನ ರೂಪದಲ್ಲಿ ಆ ಸಾಲುಗಳನ್ನು ಬಿಟ್ಟಿದ್ದಾರೆ. ಸಾಮೂಹಿಕ ಪ್ರಾರ್ಥನೆಯಲ್ಲಿ ಬಿಟ್ಟದ್ದು ಸರಿಯೇ ಇರಬಹುದು. ಮನೆಯಲ್ಲಿ ಓದುವವರು ಬಿಡಬಾರದು.

ಮೂರನೆಯ ಹಂತ ಇಲ್ಲಿ ಕೈಹಿಡಿಯುತ್ತದೆ. ಇದು ಆಜ್ಞೆಯಲ್ಲ, ಹಾಡು. ತಮ್ಮ ಊರು ಸುಟ್ಟದ್ದನ್ನು ಕಂಡವರು ದೇವರ ಮುಂದೆ ಹೊಟ್ಟೆಯ ಬೆಂಕಿಯನ್ನು ಮುಚ್ಚಿಡದೆ ಕಕ್ಕಿದ್ದು. ಆಮೇಲೆ ಇದನ್ನು ಯೆರೆಮೀಯನ ಕಾಗದದ ಪಕ್ಕದಲ್ಲಿಡಿ. ಒಂದೇ ಊರು: ಅದಕ್ಕಾಗಿ ಪ್ರಾರ್ಥಿಸಿ ಎನ್ನುತ್ತದೆ ಒಂದು ಪುಟ, ಅದು ನಾಶವಾಗಲಿ ಎನ್ನುತ್ತದೆ ಇನ್ನೊಂದು. ಬೈಬಲ್ ಎರಡನ್ನೂ ಉಳಿಸಿಕೊಂಡಿದೆ. ಶತ್ರುವಿಗಾಗಿ ಪ್ರಾರ್ಥಿಸಿರೆಂದು ಯೇಸು ಬೆಟ್ಟದ ಮೇಲೆ ಹೇಳಿದಾಗ ಯೆರೆಮೀಯನ ಕಾಗದದ ದಾರಿಯಲ್ಲೇ ಇನ್ನೂ ಮುಂದಕ್ಕೆ ನಡೆದ. ಕ್ರೈಸ್ತರು ಹಳೆ ಒಡಂಬಡಿಕೆಯನ್ನು ಕ್ರಿಸ್ತನ ಬೆಳಕಿನಲ್ಲಿ ಓದುತ್ತೇವೆ ಎನ್ನುವುದು ಇದಕ್ಕೆ. ಆದರೆ ಮೊದಲು ಆ ಅಳು ಕಿವಿಗೆ ಬೀಳಲಿ.

ಬೇಡವಾದ ಭಾಗ ಬಿಟ್ಟು ಬೇಕಾದ್ದನ್ನು ಆರಿಸಿದರೆ ಏನಾಗುತ್ತದೆ ಎಂಬುದಕ್ಕೆ ಚರಿತ್ರೆಯಲ್ಲಿ ಒಂದು ಪುಸ್ತಕವೇ ಇದೆ. 1807ರಲ್ಲಿ ಲಂಡನ್ನಿನಲ್ಲಿ ಬ್ರಿಟಿಷ್ ವೆಸ್ಟ್ ಇಂಡೀಸಿನ ಗುಲಾಮರಿಗಾಗಿ ಆಯ್ದ ಭಾಗಗಳ ಬೈಬಲೊಂದು ಅಚ್ಚಾಯಿತು. ಇಸ್ರಾಯೇಲ್ಯರು ಐಗುಪ್ತದ ದಾಸತ್ವದಿಂದ ಬಿಡುಗಡೆಯಾದ ಕಥೆ ಅದರಲ್ಲಿಲ್ಲ. ಕ್ರಿಸ್ತನಲ್ಲಿ ದಾಸ, ಸ್ವತಂತ್ರ ಎಂಬ ಭೇದವಿಲ್ಲವೆಂದು ಗಲಾತ್ಯದವರಿಗೆ ಪೌಲ ಬರೆದದ್ದೂ ಇಲ್ಲ. ದಾಸರು ಯಜಮಾನರಿಗೆ ವಿಧೇಯರಾಗಿರಬೇಕೆಂಬ ಎಫೆಸದವರಿಗೆ ಬರೆದ ಮಾತು ಮಾತ್ರ ಜೋಪಾನವಾಗಿ ಉಳಿದಿತ್ತು. ಅದರಲ್ಲಿದ್ದ ಪ್ರತಿ ವಚನವೂ ಬೈಬಲಿನದೇ.

ಆದ್ದರಿಂದ ಒಂದು ಪರೀಕ್ಷೆ ಇಟ್ಟುಕೊಳ್ಳಿ. ಈ ವಿಷಯದಲ್ಲಿ ಅಗಸ್ಟೀನರೇ ಗಟ್ಟಿಗರು: ನೀವು ಮಾಡಿದ ಅರ್ಥ ದೇವರ ಮೇಲಿನ ಪ್ರೀತಿಯನ್ನೂ ನೆರೆಯವರ ಮೇಲಿನ ಪ್ರೀತಿಯನ್ನೂ ಬೆಳೆಸದಿದ್ದರೆ ನಿಮಗೆ ಇನ್ನೂ ಅರ್ಥವಾಗಿಲ್ಲ ಎಂಬ ಅಭಿಪ್ರಾಯವನ್ನು ಅವರು ಬರೆದಿಟ್ಟಿದ್ದಾರೆ. ಹೆಂಡತಿಯ ಬಾಯಿ ಮುಚ್ಚಿಸಲು, ಕೆಲಸದವಳನ್ನು ಅಡಗಿಸಲು ವಚನ ಹುಡುಕುತ್ತಿದ್ದೀರಾದರೆ ಬೈಬಲ್ ಮುಚ್ಚಿ, ಹೋಗಿ ಒಂದು ಲೋಟ ನೀರು ಕುಡಿದು ಬನ್ನಿ.

ಹಂತ 7: ಜೊತೆಗೆ ಓದಿ

ಅಪೊಸ್ತಲರ ಕೃತ್ಯಗಳು 8ರಲ್ಲಿ ಐಥಿಯೋಪ್ಯದ ಅಧಿಕಾರಿಯೊಬ್ಬ ರಥದಲ್ಲಿ ಕೂತು ಯೆಶಾಯನ ಪುಸ್ತಕ ಓದುತ್ತಿದ್ದಾನೆ. ಫಿಲಿಪ್ಪನು ಬಂದು ಅರ್ಥವಾಗುತ್ತಿದೆಯೇ ಎಂದು ಕೇಳಿದರೆ, ಹೇಳಿಕೊಡುವವರಿಲ್ಲದೆ ಹೇಗಾದೀತು ಎಂದು ಅವನು ಮರುಪ್ರಶ್ನೆ ಹಾಕುತ್ತಾನೆ. ರಾಣಿಯ ಖಜಾನೆ ನೋಡಿಕೊಳ್ಳುವವನಿಗೇ ನಾಚಿಕೆಯಾಗಲಿಲ್ಲ, ನಮಗೇಕೆ?

ಅಯ್ಯನವರನ್ನು, ಫಾದರನ್ನು ಕೇಳಿ. ಒಳ್ಳೆಯ ವ್ಯಾಖ್ಯಾನ ಗ್ರಂಥವಿದ್ದರೆ ತೆರೆಯಿರಿ, ಆದರೆ ನಿಮ್ಮ ನೋಟ್‌ಬುಕ್ಕಿನಲ್ಲಿ ಅರ್ಧ ಪುಟವಾದರೂ ತುಂಬಿದ ಮೇಲೆ. ಮನೆಗಳಲ್ಲಿ ನಡೆಯುವ ಪ್ರಾರ್ಥನಾ ಕೂಟದಲ್ಲಿ ವಾರಕ್ಕೊಂದು ಅಧ್ಯಾಯ ಇಟ್ಟುಕೊಂಡರೆ ಇನ್ನೂ ಚೆನ್ನ. ಅಲ್ಲಿ ವಯಸ್ಸಾದ ಹೆಂಗಸರನ್ನು ಮೊದಲು ಮಾತಾಡಲು ಬಿಡಿ. ರೂತಳ ಕಥೆ ಓದುವಾಗ, ಗಂಡನನ್ನೂ ಮಕ್ಕಳನ್ನೂ ಕಳೆದುಕೊಂಡು ಊರಿಗೆ ಮರಳಿದ ನೊವೊಮಿಯ ಕಹಿಯನ್ನು ಅವರು ವಿವರಿಸಿದಷ್ಟು ಚೆನ್ನಾಗಿ ಯಾವ ವ್ಯಾಖ್ಯಾನ ಗ್ರಂಥವೂ ವಿವರಿಸಲಾರದು. ಕಥೋಲಿಕರಾದರೆ ಭಾನುವಾರದ ವಾಚನಗಳನ್ನೇ ಮುಂಚಿತವಾಗಿ ಓದಿ ಹೋಗಬಹುದು. ಅವು ಮೂರು ವರ್ಷದ ಚಕ್ರದಲ್ಲಿ ಬರುತ್ತವೆ: ಮುಖ್ಯವಾಗಿ ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ.

ಓದು ಪ್ರಾರ್ಥನೆಯಾಗುವುದು ಹೇಗೆ ಎಂದು ಕೇಳುವವರಿಗೆ 12ನೇ ಶತಮಾನದ ಗೀಗೊ ಎಂಬ ಸನ್ಯಾಸಿ ನಾಲ್ಕು ಮೆಟ್ಟಿಲು ಹೇಳಿದ್ದಾರೆ: ಓದು, ಮನನ, ಪ್ರಾರ್ಥನೆ, ಧ್ಯಾನ. ಗಮನಿಸಿ, ಮೊದಲ ಮೆಟ್ಟಿಲು ಓದು. ಅದನ್ನು ಹಾರಿ ನೇರ ನಾಲ್ಕನೆಯದಕ್ಕೆ ಕಾಲಿಡುವವರೇ ಹೆಚ್ಚು.

ಮಾರ್ಕ ಮುಗಿದ ಮೇಲೆ

ಯೋನ ಓದಿ, ನಾಲ್ಕೇ ಅಧ್ಯಾಯ. ಮೀನಿಗಿಂತ ಕೊನೆಯ ಅಧ್ಯಾಯದ ಜಗಳ ಮುಖ್ಯ. ಆಮೇಲೆ ರೂತಳು. ಅನಂತರ ಫಿಲೆಮೋನನಿಗೆ ಬರೆದ ಪತ್ರಿಕೆ, 25 ವಚನ. ಅಲ್ಲಿ ಒನೇಸಿಮನೆಂಬ ದಾಸನ ಬಗ್ಗೆ ಪೌಲ ಏನು ಕೇಳಿಕೊಳ್ಳುತ್ತಾನೆಂಬುದನ್ನು ಆರನೆಯ ಹಂತದ ಜೊತೆಗಿಟ್ಟು ಓದಿ. ಬಳಿಕ ಲೂಕನ ಸುವಾರ್ತೆಯನ್ನೂ ಅಪೊಸ್ತಲರ ಕೃತ್ಯಗಳನ್ನೂ ಒಂದರ ಹಿಂದೆ ಒಂದು ಓದಿ. ಎರಡೂ ಥೆಯೊಫಿಲನಿಗೆಂದೇ ಬರೆದವು, ಒಂದೇ ಕಥೆಯ ಎರಡು ಭಾಗ. ಆದಿಕಾಂಡ, ವಿಮೋಚನಕಾಂಡಗಳಿಗೆ ಆಗ ಹೋಗಿ. ಯಾಜಕಕಾಂಡ ಇಬ್ರಿಯರಿಗೆ ಬರೆದ ಪತ್ರಿಕೆಯ ನಂತರ ಇರಲಿ, ಅಷ್ಟರಲ್ಲಿ ಆ ಬಲಿಗಳ ಬಗ್ಗೆ ನಿಮಗೇ ಕುತೂಹಲ ಹುಟ್ಟಿರುತ್ತದೆ. ಇಷ್ಟೆಲ್ಲದರ ನಡುವೆ ದಿನಕ್ಕೊಂದು ಕೀರ್ತನೆ. 119ನೆಯದಕ್ಕೆ 176 ವಚನಗಳಿವೆ, ಅದನ್ನು ಒಂದು ವಾರಕ್ಕೆ ಹಂಚಿಕೊಳ್ಳಿ.